ಆದಿ ಯವನೇತಿಹಾಸಕಾರರೂ ಅವರ ಜನ್ಮವರ್ಷಗಳೂ

ಯವನರಿಗೆ ಇತಿಹಾಸವುಂಟು, ಭಾರತೀಯರಿಗೆ ಪುರಾಣ ಮಾತ್ರವುಂಟು ಎಂಬ ಮಾತು ವಿದ್ಯಾವಂತರ ಮನೆಗಳಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದನ್ನು ಒರೆಗೆ ಹಚ್ಚಿ ನೋಡಬೇಕೆಂಬ ಯೋಚನೆಯೇ ಯಾರಿಗೂ ಹುಟ್ಟುವುದಿಲ್ಲ. ಕಾಳಿದಾಸನು ಯಾವ ಕಾಲದವನೆಂದು ಕೇಳಿದರೆ ನಾಲ್ವರು ಪಂಡಿತರು ಐದು ಶತಮಾನಗಳನ್ನು ತೋರಿಸುತ್ತಾರೆಂದು ನಗುವ ಮಹನೀಯರೇ, ಹೆರೊಡೋಟಸನು ಕ್ರಿ.ಪೂ. 484ರಲ್ಲಿ ಹುಟ್ಟಿದನು, ಹೆಲ್ಲಾನಿಕಸನು 496ರಲ್ಲಿ ಹುಟ್ಟಿದನು, ಹೆಕಟೀಯಸನು 550ರಿಂದ 476ರ ವರೆಗೆ ಬದುಕಿದ್ದನು ಎಂದು ತಮ್ಮ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. ಕೈಪಿಡಿಗಳನ್ನು ಬರೆದ ಪಾಶ್ಚಾತ್ಯ ವಿದ್ವಾಂಸರು ಆ ಅಂಕಿಗಳ ಮುಂದೆ ‘ಸುಮಾರು’ ಎಂಬ ಪದವನ್ನು ಇಟ್ಟಿದ್ದರು. ಕಡಲು ದಾಟಿ ಬರುವಾಗ ಆ ಪದವು ಎಲ್ಲಿಯೋ ನೀರುಪಾಲಾಯಿತೆಂದು ತೋರುತ್ತದೆ.

ಈ ವರ್ಷಗಳು ಯಾವ ಪ್ರಮಾಣದಿಂದ ಬಂದವು? ಯಾರು ಕಂಡು ಹೇಳಿದರು? ಕಂಡು ಹೇಳಿದವನಿಗೂ ಆ ಕಾಲಕ್ಕೂ ನಡುವೆ ಎಷ್ಟು ಶತಮಾನಗಳು ಕಳೆದಿದ್ದುವು? ನ್ಯಾಯಶಾಸ್ತ್ರದ ಮೊದಲ ಪಾಠವನ್ನು ಓದಿದ ವಿದ್ಯಾರ್ಥಿಯೂ ಕೇಳುವ ಪ್ರಶ್ನೆಗಳಿವು. ಆಪ್ತವಾಕ್ಯವು ಪ್ರಮಾಣವಾಗಬೇಕಾದರೆ ಹೇಳಿದವನು ಆಪ್ತನಾಗಿರಬೇಕಷ್ಟೆ.

ಮೊದಲು ಸಾಮಗ್ರಿಯನ್ನು ನೋಡಬೇಕು. ಹೆರೊಡೋಟಸನಿಗಿಂತ ಹಿಂದೆ ಅಥವಾ ಅವನ ಆಸುಪಾಸಿನಲ್ಲಿ ಗದ್ಯದಲ್ಲಿ ಪೂರ್ವವೃತ್ತಾಂತಗಳನ್ನು ಬರೆದವರ ಪೈಕಿ ಒಬ್ಬನ ಗ್ರಂಥವಾದರೂ ಪೂರ್ಣವಾಗಿ ಉಳಿದಿಲ್ಲ. ರೋಮಿನಲ್ಲಿ ಆಗಸ್ಟಸನು ಆಳುತ್ತಿದ್ದ ಕಾಲದ ಹಾಲಿಕಾರ್ನಾಸಸಿನ ಡಯೊನೀಸಿಯಸನೆಂಬ ವಿಮರ್ಶಕನು ಥ್ಯುಸಿಡಿಡೀಸನನ್ನು ಕುರಿತು ಬರೆದ ಪ್ರಬಂಧದಲ್ಲಿ ಒಂದು ಪಟ್ಟಿಯನ್ನು ಕೊಟ್ಟಿರುತ್ತಾನೆ: ಸೇಮೋಸಿನ ಯೂಜಿಯಾನ್, ಪ್ರೊಕೊನ್ನೆಸಸಿನ ಡೀಯೊಕಸ್, ಪೇರೋಸಿನ ಯೂಡೀಮಸ್, ಮೈಲೀಟಸಿನ ಹೆಕಟೀಯಸ್, ಆರ್ಗೋಸಿನ ಅಕುಸಿಲಾವಸ್, ಲ್ಯಾಂಪ್ಸಕಸಿನ ಕೇರಾನ್, ಇವರಿಗಿಂತ ಸ್ವಲ್ಪ ಈಚಿನವರಾಗಿ ಲೆಸ್ಬೋಸಿನ ಹೆಲ್ಲಾನಿಕಸ್, ಸಿಜೀಯಮಿನ ಡಮಾಸ್ಟಿಸ್, ಲಿಡಿಯದ ಕ್ಸಾಂಥಸ್ ಮೊದಲಾದವರು. ಇವರಲ್ಲಿ ಅನೇಕರ ಗ್ರಂಥಗಳು ತನ್ನ ಕಾಲಕ್ಕೇ ಸಿಕ್ಕುತ್ತಿರಲಿಲ್ಲವೆಂದೂ, ಸಿಕ್ಕಿದವುಗಳಲ್ಲಿ ಕೆಲವು ಆಯಾ ಗ್ರಂಥಕರ್ತರವೇ ಎಂದು ಎಲ್ಲರೂ ಒಪ್ಪಿರಲಿಲ್ಲವೆಂದೂ ಅವನೇ ಹೇಳುತ್ತಾನೆ. ಈ ಮಾತನ್ನು ಆಡಿದವನು ಅವರಿಗೆ 400 ವರ್ಷಗಳ ಈಚಿನವನು. ನಮ್ಮ ಕವಿರಾಜಮಾರ್ಗದಲ್ಲಿ ಕನ್ನಡದ ಹಳೆಯ ಗದ್ಯಕಾರರ ಹೆಸರುಗಳು ಬರುತ್ತವೆ; ಗ್ರಂಥಗಳಿಲ್ಲ. ಅಲ್ಲಿರುವ ‘ವಿಮಳೋದಯ’ ಎಂಬುದು ಒಬ್ಬನ ಹೆಸರೋ ವಿಮಳ, ಉದಯರೆಂಬ ಇಬ್ಬರ ಹೆಸರೋ ಎಂಬ ಚರ್ಚೆ ಕನ್ನಡಿಗರಿಗೆ ಹೊಸದಲ್ಲ. ಆ ಚರ್ಚೆಯನ್ನು ಬಲ್ಲವರು ಯವನರ ಪಟ್ಟಿಯನ್ನು ನೋಡಿ ಬೆರಗಾಗಬೇಕಾದ ಕಾರಣವಿಲ್ಲ.

ಹಾಗಾದರೆ ಇವರ ಜೀವನವೃತ್ತಾಂತಗಳನ್ನು ಹೇಳುವವರು ಯಾರು? ಬಹುಮಟ್ಟಿಗೆ ‘ಸೂದಾ’ ಎಂಬ ಒಂದು ಮಹಾಕೋಶ. ಇದು ಕ್ರಿ.ಶ. 10ನೆಯ ಶತಮಾನದಲ್ಲಿ ಬೈಜಾಂಟಿಯಮ್ಮಿನ ಪಂಡಿತರು ಕೂಡಿಸಿದ್ದು. ಅಂದರೆ ಹೆಕಟೀಯಸನಿಗೂ ಈ ಕೋಶಕ್ಕೂ ನಡುವೆ 1400 ವರ್ಷಗಳಿಗೂ ಮಿಕ್ಕ ಅಂತರ. ಕೋಶಕಾರರು ಮೂಲಗ್ರಂಥಗಳನ್ನು ಓದಿದವರಲ್ಲ. ಹಳೆಯ ಸಂಗ್ರಹಗಳ ಸಂಗ್ರಹಗಳನ್ನು ಕತ್ತರಿಸಿ ಅಂಟಿಸಿದವರು. ಅವರನ್ನು ನಿಂದಿಸುವುದು ಸಲ್ಲದು. ಅವರು ಅಷ್ಟನ್ನು ಮಾಡದೆ ಹೋಗಿದ್ದರೆ ಹೆಸರುಗಳೂ ಅಳಿದುಹೋಗುತ್ತಿದ್ದುವು. ಆದರೆ ಅವರ ವಾಕ್ಯವನ್ನು ಸಮಕಾಲೀನ ಸಾಕ್ಷಿಯ ವಾಕ್ಯದಂತೆ ತಲೆಯಮೇಲೆ ಹೊತ್ತುಕೊಳ್ಳುವುದು ಬೇರೆ ಮಾತು.

ಮೊದಲನೆಯವನೆಂದು ಹೆಸರಾದ ಮೈಲೀಟಸಿನ ಕ್ಯಾಡ್ಮಸನನ್ನೇ ತೆಗೆದುಕೊಳ್ಳಬಹುದು. ಗದ್ಯದಲ್ಲಿ ಇತಿಹಾಸವನ್ನು ಮೊದಲು ಬರೆದವನು ಇವನೆಂದು ರೋಮಿನ ಪ್ಲಿನಿಯು ಹೇಳುತ್ತಾನೆ. ಸೂದಾಕೋಶವಾದರೋ, ಇವನು ಪಾಂಡಿಯಾನನ ಮಗನೆಂದೂ, ಓರ್ಫಿಯಸನಿಗಿಂತ ಸ್ವಲ್ಪ ಈಚಿನವನೆಂದೂ, ಮೈಲೀಟಸಿನ ಸ್ಥಾಪನೆಯನ್ನು ನಾಲ್ಕು ಭಾಗಗಳಲ್ಲಿ ಬರೆದನೆಂದೂ ತಿಳಿಸುತ್ತದೆ. ಓರ್ಫಿಯಸನು ವೀಣೆಯನ್ನು ನುಡಿಸಿ ಕಲ್ಲುಮರಗಳನ್ನು ಕುಣಿಸಿದ ಪುರಾಣಪುರುಷ! ಅವನಿಗೆ ‘ಸ್ವಲ್ಪ ಈಚೆ’ ಎಂದರೆ ನಾರದರಿಗೆ ಸ್ವಲ್ಪ ಈಚೆ ಎಂದಂತಾಯಿತು. ಇಷ್ಟಕ್ಕೂ ನಿಲ್ಲದೆ ಆರ್ಖಿಲಾವಸನ ಮಗನಾದ ಮತ್ತೊಬ್ಬ ಮೈಲೀಟಸಿನ ಕ್ಯಾಡ್ಮಸನಿದ್ದನೆಂದು ಅದೇ ಕೋಶವು ಹೇಳುತ್ತದೆ. ಇವರಲ್ಲದೆ, ಫಿನೀಷಿಯದಿಂದ ಅಕ್ಷರಗಳನ್ನು ತಂದನೆಂಬ ಕಥೆಯ ಕ್ಯಾಡ್ಮಸನು ಪ್ರಸಿದ್ಧನೇ ಇದ್ದಾನೆ. ಅಕ್ಷರಗಳನ್ನು ತಂದವನ ಹೆಸರನ್ನೇ ಗದ್ಯವನ್ನು ಆರಂಭಿಸಿದವನಿಗೂ ಇಟ್ಟರೆಂದು ಸಂಶಯಪಡುವುದು ಕುಚೋದ್ಯವಲ್ಲ. ಮೇಲೆ ಹೇಳಿದ ಡಯೊನೀಸಿಯಸನ ಕಾಲಕ್ಕೇ ಕ್ಯಾಡ್ಮಸನ ಹೆಸರಿನಲ್ಲಿದ್ದ ಗ್ರಂಥವು ಅವನದೆಂದು ಸರ್ವಸಮ್ಮತವಾಗಿರಲಿಲ್ಲ. ಇಂಥ ಮನುಷ್ಯನೊಬ್ಬನು ಇದ್ದನೇ ಎಂದು ಈಗಿನ ವಿದ್ವಾಂಸರಲ್ಲಿ ಅನೇಕರು ಕೇಳುತ್ತಾರೆ. ‘ಇತಿಹಾಸದ ಪಿತಾಮಹ’ನೆಂದು ಇವನನ್ನು ಹೊಗಳುವವರು ಮೊದಲು ಅವನು ಹುಟ್ಟಿದನೆಂಬುದನ್ನು ಸಾಧಿಸಲಿ.

ಆರ್ಗೋಸಿನ ಅಕುಸಿಲಾವಸನ ಕಥೆ ಇನ್ನೂ ಸ್ವಾರಸ್ಯವಾದುದು. ಅವನ ತಂದೆಯು ಮನೆಯ ಒಂದೆಡೆ ನೆಲವನ್ನು ಅಗೆಯುತ್ತಿರುವಾಗ ಕಂಚಿನ ಹಲಗೆಗಳು ದೊರೆತುವಂತೆ; ಅವುಗಳಲ್ಲಿದ್ದ ಬರಹವನ್ನು ನೋಡಿ ಮಗನು ವಂಶಾವಳಿಗಳನ್ನು ರಚಿಸಿದನಂತೆ. ನಮ್ಮಲ್ಲಿ ಸ್ಥಳಪುರಾಣಗಳು ಹುತ್ತದಿಂದಲೂ ಹಾಳುಬಾವಿಯಿಂದಲೂ ಹೊರಟುಬರುವುದನ್ನು ಕಂಡು ನಗುವವರು ಈ ಹಲಗೆಗಳನ್ನು ಕಂಡು ಏಕೆ ನಗುವುದಿಲ್ಲವೋ ತಿಳಿಯದು. ಅಕುಸಿಲಾವಸನು ನಿಜವಾಗಿ ಇದ್ದವನೇ. ಅವನ ವಾಕ್ಯಗಳನ್ನು ಪ್ಲೇಟೋ ಮೊದಲಾದವರು ಉದಾಹರಿಸಿದ್ದಾರೆ. ಕಥೆ ಮಾತ್ರ, ಗ್ರಂಥಕ್ಕೆ ಗೌರವವನ್ನು ತರುವುದಕ್ಕಾಗಿ ಯಾರೋ ಕಟ್ಟಿದ್ದು.

ಫೆರೆಕಿಡೀಸನ ವಿಷಯದಲ್ಲಿ ಸಂಖ್ಯೆಯೇ ಗೊಂದಲ. ಸಿರೋಸ್ ದ್ವೀಪದ ತತ್ತ್ವಜ್ಞ ಫೆರೆಕಿಡೀಸ್ ಒಬ್ಬ, ಅಥೆನ್ಸಿನ ವಂಶಾವಳಿಕಾರ ಫೆರೆಕಿಡೀಸ್ ಒಬ್ಬ, ಲೇರೋಸಿನ ಇತಿಹಾಸಕಾರ ಫೆರೆಕಿಡೀಸ್ ಒಬ್ಬ, ಹೀಗೆ ಸೂದಾಕೋಶದಲ್ಲಿ ಮೂವರು ಪ್ರತ್ಯೇಕ ಪ್ರತ್ಯೇಕವಾಗಿ ನಿಂತಿದ್ದಾರೆ. ಅಥೆನ್ಸಿನವನು ಸಿರೋಸಿನವನಿಗಿಂತ ಹಿರಿಯನೆಂದು ಒಂದು ಕಡೆ ಬರೆದ ಕೋಶವು, ಸಿರೋಸಿನವನಿಗಿಂತ ಹಿರಿಯನು ಯಾವನೂ ಇಲ್ಲವೆಂಬ ಪಾರ್ಫಿರಿಯ ಅಭಿಪ್ರಾಯವನ್ನೂ ಪಕ್ಕದಲ್ಲಿಯೇ ಇಟ್ಟು ಕೈತೊಳೆದುಕೊಂಡಿದೆ. ಕ್ರಿ.ಪೂ. ಮೂರನೆಯ ಶತಮಾನದ ಎರಟಾಸ್ಥನೀಸನು, ಅಲೆಕ್ಸಾಂಡ್ರಿಯದ ಗ್ರಂಥಭಂಡಾರದ ಅಧಿಕಾರಿ, ಭೂಮಿಯ ಸುತ್ತಳತೆಯನ್ನು ಗಣಿಸಿದ ಮಹಾಮೇಧಾವಿ, ಇದ್ದವರು ಇಬ್ಬರೇ ಎಂದು ತೀರ್ಮಾನಿಸಿದ್ದನು. ಹಾಗಿದ್ದರೂ 1200 ವರ್ಷಗಳ ತರುವಾಯ ಮೂವರು ಬದುಕಿಯೇ ಇದ್ದರು. 1947ರಲ್ಲಿ ಫೆಲಿಕ್ಸ್ ಯಾಕೋಬಿಯು ಇದನ್ನು ಮತ್ತೆ ಕೈಗೆತ್ತಿಕೊಂಡು, ಲೇರೋಸಿನವನಿಗೆ ಪ್ರತ್ಯೇಕವಾದ ಅಸ್ತಿತ್ವವನ್ನು ಕೊಡದೆ, ಅಥೆನ್ಸಿನ ಮೊದಲ ಗದ್ಯಕಾರನಾಗಿ ಒಬ್ಬನನ್ನೇ ನಿಲ್ಲಿಸಿದನು. ಒಬ್ಬ ಮನುಷ್ಯನನ್ನು ಮೂವರಾಗಿ ಮಾಡುವುದು ಕೋಶಕಾರನಿಗೆ ಒಂದು ಗೆರೆಯ ಕೆಲಸ. ಮೂವರನ್ನು ಮತ್ತೆ ಕಡಮೆ ಮಾಡುವುದಕ್ಕೆ ಒಬ್ಬ ವಿದ್ವಾಂಸನ ಎಷ್ಟೋ ವರ್ಷಗಳ ಶ್ರಮ ಬೇಕಾಯಿತು.

ಇನ್ನು ಶಬ್ದಾರ್ಥದ ಪ್ರಶ್ನೆ. ವೈಯಾಕರಣರಿಗೆ ಇದು ರುಚಿಸತಕ್ಕ ಭಾಗ. ಸೂದಾಕೋಶದಲ್ಲಿ ಗ್ರಂಥಕರ್ತರ ಕಾಲವನ್ನು ಹೇಳುವಾಗ ‘ಗೆಗೊನೆ’ ಎಂಬ ಕ್ರಿಯಾಪದವು ಹೆಜ್ಜೆಹೆಜ್ಜೆಗೂ ಬರುತ್ತದೆ. ಸಂಸ್ಕೃತದ ‘ಜನ್’ ಧಾತುವಿಗೂ ಇದಕ್ಕೂ ಮೂಲ ಒಂದೇ. ‘ಹುಟ್ಟಿದನು’ ಎಂದೂ ಅರ್ಥವಾಗಬಹುದು, ‘ಇದ್ದನು, ಪ್ರಸಿದ್ಧನಾಗಿದ್ದನು’ ಎಂದೂ ಆಗಬಹುದು. ಯಾವ ಕಡೆ ಯಾವ ಅರ್ಥ? ಜರ್ಮನಿಯ ಎರ್ವಿನ್ ರೋಡೆ ಎಂಬ ಪಂಡಿತನು 1878ರಲ್ಲಿ ಈ ಒಂದೇ ಪದದ ಮೇಲೆ ದೀರ್ಘವಾದ ಲೇಖನವನ್ನು ಬರೆದು, ಬಹುಪಾಲು ಸ್ಥಳಗಳಲ್ಲಿ ಅದು ಜನನವನ್ನಲ್ಲ, ಪ್ರೌಢದಶೆಯನ್ನು ಹೇಳುತ್ತದೆಂದು ತೋರಿಸಿದನು. ಒಂದು ಪದದ ಅರ್ಥವು ಹೊರಳಿದರೆ ಒಬ್ಬನ ವಯಸ್ಸು 40 ವರ್ಷ ಹಿಂದಕ್ಕೋ ಮುಂದಕ್ಕೋ ಜಾರುತ್ತದೆ. ‘ಹುಟ್ಟಿದ ವರ್ಷ’ವೆಂದು ಹಳೆಯ ಕೈಪಿಡಿಗಳಲ್ಲಿ ಅಚ್ಚಾದ ಎಷ್ಟೋ ಅಂಕಿಗಳ ಕಥೆ ಇಷ್ಟೇ.

ಲಿಡಿಯದ ಕ್ಸಾಂಥಸನು ಇದಕ್ಕೆ ದೃಷ್ಟಾಂತ. ಸಾರ್ಡಿಸ್ ನಗರವು ಶತ್ರುವಶವಾದಾಗ ಅವನು ‘ಆದನು’ ಎಂದು ಕೋಶದ ವಾಕ್ಯ. ಸಾರ್ಡಿಸ್ ನಗರವು ಸುಮಾರು ಕ್ರಿ.ಪೂ. 546ರಲ್ಲಿ ಪಾರಸಿಕ ಸೈರಸನಿಗೆ ಸೋತಿತು; 498ರಲ್ಲಿ ಅಯೋನಿಯದವರು ನುಗ್ಗಿ ಊರನ್ನು ಸುಟ್ಟರು, ಆದರೆ ಕೋಟೆಯು ಅವರ ಕೈಸೇರಲಿಲ್ಲ. ಯಾವ ಸಾರ್ಡಿಸ್ ಪತನ? ಹುಟ್ಟಿದನೋ, ಇದ್ದನೋ? ಇತ್ತ ಸ್ಟ್ರೇಬೋ ಉಳಿಸಿಕೊಟ್ಟಿರುವ ಒಂದು ತುಣುಕಿನಲ್ಲಿ ಕ್ಸಾಂಥಸನು, ಆರ್ಟಜರ್ಕ್ಸಿಸನ ಆಳ್ವಿಕೆಯಲ್ಲಿ ನದಿ, ಸರೋವರ, ಬಾವಿಗಳು ಬತ್ತಿಹೋಗುವಂಥ ಅನಾವೃಷ್ಟಿಯಾಯಿತೆಂದು ಹೇಳಿದ್ದಾನೆ. ಆ ದೊರೆಯು ಪಟ್ಟವೇರಿದ್ದು 465ರಲ್ಲಿ. 546ರಲ್ಲಿ ಹುಟ್ಟಿದವನು ಅದನ್ನು ಬರೆಯಬೇಕಾದರೆ 80 ವರ್ಷ ದಾಟಿರಬೇಕು. ಕಡಲಿನಿಂದ ಬಹು ದೂರದಲ್ಲಿ ಚಿಪ್ಪಿನಾಕಾರದ ಕಲ್ಲುಗಳನ್ನು ಕಂಡು, ಈ ಬಯಲುಗಳು ಒಂದು ಕಾಲದಲ್ಲಿ ಸಮುದ್ರವಾಗಿದ್ದುವೆಂದು ಊಹಿಸಿದವನೂ ಇವನೇ. ಅಂಥ ಕಣ್ಣುಳ್ಳವನ ಹುಟ್ಟಿದ ವರ್ಷಕ್ಕಾಗಿ ಹೊಡೆದಾಡುವವರು ಆ ಕಲ್ಲುಗಳ ಮಾತನ್ನು ಮಕ್ಕಳಿಗೆ ಹೇಳುವುದಿಲ್ಲವೆಂಬುದೇ ಶೋಚನೀಯ.

ಈಗ ಪ್ರಸಿದ್ಧವಾದ ಆ 484ಕ್ಕೆ ಬರಬೇಕು. ನೀರೋ ಚಕ್ರವರ್ತಿಯ ಕಾಲದಲ್ಲಿ ಪಾಂಫಿಲಾ ಎಂಬ ವಿದುಷಿಯು ಸಂಗ್ರಹಗ್ರಂಥವೊಂದನ್ನು ಬರೆದಳು. ಆ ಗ್ರಂಥವೂ ನಷ್ಟವಾಗಿದೆ. ಅದರ ಒಂದು ವಾಕ್ಯವನ್ನು ಎರಡನೆಯ ಶತಮಾನದ ಔಲಸ್ ಗೆಲ್ಲಿಯಸ್ ಎಂಬ ರೋಮಿನವನು ಎತ್ತಿ ಬರೆದಿದ್ದಾನೆ. ಪೆಲೊಪೊನೀಸಸಿನ ಯುದ್ಧವು ಆರಂಭವಾದಾಗ, ಅಂದರೆ ಕ್ರಿ.ಪೂ. 431ರಲ್ಲಿ, ಹೆಲ್ಲಾನಿಕಸನಿಗೆ 65 ವರ್ಷ, ಹೆರೊಡೋಟಸನಿಗೆ 53, ಥ್ಯುಸಿಡಿಡೀಸನಿಗೆ 40 ಎಂದು ಆಕೆಯ ಲೆಕ್ಕ. ಮೂವರ ಜನ್ಮವರ್ಷಗಳೂ ಇದರಿಂದಲೇ ಕಳೆದು ತೆಗೆದವು. ಆದರೆ ಆ ವಯಸ್ಸುಗಳು ಎಲ್ಲಿಂದ ಬಂದವು? ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಅಪೊಲೊಡೋರಸ್ ಎಂಬ ಕಾಲಗಣಕನಿದ್ದನು. ಯಾವನ ಜನ್ಮವರ್ಷವು ತಿಳಿಯದೋ ಅವನ ಜೀವನದ ಒಂದು ಪ್ರಸಿದ್ಧ ಘಟನೆಯನ್ನು ಹಿಡಿದು, ಆಗ ಅವನಿಗೆ 40 ವರ್ಷವೆಂದು ಇಟ್ಟು ಎಣಿಸುವುದು ಅವನ ಪದ್ಧತಿ. ನಲವತ್ತು ಪ್ರೌಢದಶೆಯ ವಯಸ್ಸು ಎಂಬುದು ಅದರ ಆಧಾರ. ಥ್ಯುಸಿಡಿಡೀಸನು ಬರೆದ ಯುದ್ಧವು ಆರಂಭವಾದದ್ದು 431. ಆಗ ಅವನಿಗೆ ಸರಿಯಾಗಿ 40. ಹೆರೊಡೋಟಸನು ಹೋಗಿ ನೆಲೆಸಿದನೆಂದು ಹೇಳುವ ಥೂರಿಯೈ ಪಟ್ಟಣವು ಸ್ಥಾಪನೆಯಾದದ್ದು 444ರಲ್ಲಿ. 431ರಲ್ಲಿ 53 ವರ್ಷದವನಿಗೆ 444ರಲ್ಲಿ ಎಷ್ಟು ವರ್ಷ? ಸರಿಯಾಗಿ 40! ಇಬ್ಬರು ಮಹಾಪುರುಷರ ಜೀವನಗಳು ಒಂದೇ ಅಳತೆಗೋಲಿಗೆ ಇಷ್ಟು ಸರಿಯಾಗಿ ಹೊಂದಿಕೊಂಡುದು ಕಾಕತಾಳೀಯವೆಂದು ನಂಬುವವರು ನಂಬಬಹುದು. ವಿಚಾರಶೀಲರಿಗೆ ಅದು ಜನ್ಮವರ್ಷವಲ್ಲ, ಗಣಿತವರ್ಷ. ಹೆರೊಡೋಟಸನು ಸುಮಾರು ಆ ಕಾಲದವನೆಂಬುದಕ್ಕೆ ಅವನ ಗ್ರಂಥದೊಳಗೇ ಬೇರೆ ಆಧಾರಗಳುಂಟು. ಆ ಮಾತಿಗೆ ಬಾಧೆಯಿಲ್ಲ. ಬಾಧೆಯಿರುವುದು ‘484’ ಎಂಬ ಮೂರು ಅಂಕಿಗಳಿಗೆ.

ಹೆಲ್ಲಾನಿಕಸನ ಪಾಡು ಇದಕ್ಕಿಂತ ಕಷ್ಟ. ಪಾಂಫಿಲೆಯ ಲೆಕ್ಕದಂತೆ ಅವನು 496ರಲ್ಲಿ ಹುಟ್ಟಿದವನು. ದೀರ್ಘಾಯುಗಳನ್ನು ಕುರಿತು ಲೂಶಿಯನನ ಹೆಸರಿನಲ್ಲಿರುವ ಪ್ರಬಂಧವು ಅವನು 85 ವರ್ಷ ಬದುಕಿದನೆಂದು ಹೇಳುತ್ತದೆ. ಎರಡನ್ನೂ ಕೂಡಿಸಿದರೆ ಅವನು 411ರಲ್ಲಿ ಸತ್ತಿರಬೇಕು. ಆದರೆ 406ರ ಆರ್ಗಿನೂಸಿಯ ನೌಕಾಯುದ್ಧದಲ್ಲಿ ಹುಟ್ಟು ಹಾಕಿದ ಗುಲಾಮರಿಗೆ ಅಥೆನ್ಸಿನವರು ಬಿಡುಗಡೆ ಕೊಟ್ಟರೆಂಬ ಸಂಗತಿಗೆ, ಅರಿಸ್ಟೊಫೇನೀಸನ ನಾಟಕದ ಹಳೆಯ ವ್ಯಾಖ್ಯಾನಕಾರನು ಈ ಹೆಲ್ಲಾನಿಕಸನನ್ನೇ ಪ್ರಮಾಣವಾಗಿ ಉದಾಹರಿಸಿದ್ದಾನೆ. ತಾನು ಸತ್ತ ಐದು ವರ್ಷಗಳ ಮೇಲಣ ಯುದ್ಧವನ್ನು ವರ್ಣಿಸಿದ ಇತಿಹಾಸಕಾರನು ಯವನದೇಶದಲ್ಲಿ ಮಾತ್ರ ಹುಟ್ಟಬಲ್ಲನು! ಇನ್ನೊಂದು ಐತಿಹ್ಯದಂತೆ ಅವನು ಹುಟ್ಟಿದ್ದು 480ರಲ್ಲಿ, ಸಾಲಮಿಸ್ ಯುದ್ಧವು ನಡೆದ ದಿನವೇ. ಯೂರಿಪಿಡೀಸನೂ ಅದೇ ದಿನ ಹುಟ್ಟಿದನಂತೆ. ಇದರ ಗುಟ್ಟು ಹೆಸರಿನಲ್ಲಿದೆ: ‘ಹೆಲ್ಲಾಸ್’ ಎಂದರೆ ಯವನದೇಶ, ‘ನಿಕೆ’ ಎಂದರೆ ಜಯ, ಯವನಜಯದ ದಿನ ಹುಟ್ಟಿದವನು ಹೆಲ್ಲಾನಿಕಸ್. ನಿರುಕ್ತದಿಂದ ಜಾತಕವನ್ನು ಬರೆಯುವ ವಿದ್ಯೆ ನಮ್ಮ ಐತಿಹ್ಯಗಳಿಗೆ ಮಾತ್ರ ಸೇರಿದ್ದಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸೂದಾಕೋಶವಂತೂ ಹೆರೊಡೋಟಸನನ್ನೂ ಹೆಲ್ಲಾನಿಕಸನನ್ನೂ ಜತೆಯಾಗಿ ಮ್ಯಾಸಿಡೋನಿಯದ ಅಮಿಂಟಸ್ ದೊರೆಯ ಆಸ್ಥಾನದಲ್ಲಿ ಕೂರಿಸಿದೆ. ಆ ಅಮಿಂಟಸನು ಹೆರೊಡೋಟಸನು ಹುಟ್ಟುವುದಕ್ಕೆ ಮೊದಲೇ ತೀರಿಹೋಗಿದ್ದನು.

ಇದರಲ್ಲಿ ದೈವದ ಅಣಕವೊಂದುಂಟು. ಥ್ಯುಸಿಡಿಡೀಸನು ತನಗಿಂತ ಹಿಂದಿನ ಇತಿಹಾಸಕಾರರಲ್ಲಿ ಹೆಸರು ಹಿಡಿದು ಹೇಳಿದ್ದು ಈ ಹೆಲ್ಲಾನಿಕಸನನ್ನು ಮಾತ್ರ, ಹೇಳಿದ್ದೂ ನಿಂದೆಗಾಗಿ. ಅಥೆನ್ಸಿನ ವೃತ್ತಾಂತವನ್ನು ಅವನು ಸಂಕ್ಷೇಪವಾಗಿಯೂ ಕಾಲನಿರ್ದೇಶದಲ್ಲಿ ಖಚಿತವಿಲ್ಲದೆಯೂ ಬರೆದನೆಂಬುದು ಆಕ್ಷೇಪ. ಆರ್ಗೋಸಿನ ಹೀರಾದೇವಿಯ ಅರ್ಚಕಿಯರ ಸೇವಾವರ್ಷಗಳನ್ನು ಆಧಾರವಾಗಿಟ್ಟುಕೊಂಡು ಇಡೀ ಯವನಲೋಕದ ಘಟನೆಗಳಿಗೆ ಒಂದೇ ಕಾಲಸೂತ್ರವನ್ನು ಹೊಸೆಯಲು ಹೊರಟ ಸಾಹಸಿ ಅವನು. ಯುದ್ಧದ ಆರಂಭವನ್ನು ಗುರುತಿಸುವಾಗ ಥ್ಯುಸಿಡಿಡೀಸನೂ ಕ್ರೈಸಿಸ್ ಎಂಬಾಕೆಯ ಅರ್ಚಕಪದವಿಯ 48ನೆಯ ವರ್ಷವೆಂದು ಬರೆದಿದ್ದಾನೆ. ಎಲ್ಲರ ವರ್ಷಗಳನ್ನು ಜೋಡಿಸಿದವನ ಸ್ವಂತ ವರ್ಷಗಳನ್ನು ಜೋಡಿಸುವವರಿಲ್ಲವಾಯಿತು.

ಇಷ್ಟಕ್ಕೆ ಒಬ್ಬರು ಹೇಳಬಹುದು: ಯಾವನೋ ಎಂದೋ ಹುಟ್ಟಿದನು, ಹತ್ತು ವರ್ಷ ಆಚೆಯಾದರೇನು, ಈಚೆಯಾದರೇನು? ಈ ಪೂರ್ವಪಕ್ಷಕ್ಕೆ ಉತ್ತರವು ಲ್ಯಾಂಪ್ಸಕಸಿನ ಕೇರಾನನಲ್ಲಿದೆ. ಸೂದಾಕೋಶದ ಹಸ್ತಪ್ರತಿಗಳಂತೆ ಅವನು ಮೊದಲನೆಯ ಡರಾಯಸನ ಕಾಲದಲ್ಲಿ 79ನೆಯ ಒಲಿಂಪಿಯಡಿನವನು. 79ನೆಯ ಒಲಿಂಪಿಯಡ್ ಎಂದರೆ ಕ್ರಿ.ಪೂ. 464ರಿಂದ ನಾಲ್ಕು ವರ್ಷ. ಡರಾಯಸನು ಸತ್ತದ್ದು 486ರಲ್ಲಿ. ವಾಕ್ಯವು ತನ್ನನ್ನು ತಾನೇ ಕಡಿದುಕೊಳ್ಳುತ್ತದೆ. ಯವನರು ಅಂಕಿಗಳಿಗೆ ಅಕ್ಷರಗಳನ್ನೇ ಬಳಸುತ್ತಿದ್ದರಾದ್ದರಿಂದ, ಒಂದಕ್ಷರವನ್ನು ತಿದ್ದಿ 69 ಎಂದು ಓದಿದರೆ 504 ಆಗಿ ಡರಾಯಸನೊಡನೆ ಹೊಂದುತ್ತದೆ. ಕೋಶವೇ ಮುಂದಕ್ಕೆ, ‘ಅಥವಾ’ ಎಂದು ತೊಡಗಿ 75ನೆಯ ಒಲಿಂಪಿಯಡ್, ಅಂದರೆ 480, ಎಂದೂ ಸೇರಿಸಿದೆ. ಇವಿಷ್ಟೂ ಒಂದೇ ಲೇಖದೊಳಗೆ! ಇದಲ್ಲದೆ ಪ್ಲೂಟಾರ್ಕನು ಹೇಳುವಂತೆ, ಥೆಮಿಸ್ಟೋಕ್ಲೀಸನು ಓಡಿಹೋಗಿ ಶರಣುಹೊಕ್ಕದ್ದು ಆರ್ಟಜರ್ಕ್ಸಿಸನನ್ನು ಎಂದು ಕೇರಾನನು ಬರೆದಿದ್ದನು. ಅಂದಮೇಲೆ ಅವನು 465ರ ಅನಂತರವೂ ಬರೆಯುತ್ತಿದ್ದನು. ಅಷ್ಟು ಮಾತ್ರ ನಿಶ್ಚಯ.

ಈ ಸಂದಿಗ್ಧದ ಮೇಲೆ ಎಷ್ಟು ಭಾರವನ್ನು ಹೇರಿದ್ದಾರೆಂಬುದನ್ನು ನೋಡಬೇಕು. ಡಯೊನೀಸಿಯಸನ ಮತದಂತೆ ಮೊದಲು ಊರೂರಿನ ವೃತ್ತಾಂತಗಳು ಹುಟ್ಟಿದುವು. ಅನಂತರ ಹೆರೊಡೋಟಸನು ಬಂದು ಅವನ್ನು ಮೀರಿ ವಿಶಾಲವಾದ ಇತಿಹಾಸವನ್ನು ಬರೆದನು. ಯಾಕೋಬಿಯು 1909ರಲ್ಲಿ ಪ್ರಕಟಿಸಿದ ತನ್ನ ಸಿದ್ಧಾಂತದಲ್ಲಿ ಇದನ್ನು ತಲೆಕೆಳಗು ಮಾಡಿ, ಊರಿನ ವೃತ್ತಾಂತಗಳು ಹೆರೊಡೋಟಸನ ತರುವಾಯ, ಅವನಿಂದ ಪ್ರೇರಿತವಾಗಿ ಹುಟ್ಟಿದುವೆಂದನು. ಕೇರಾನನು ಲ್ಯಾಂಪ್ಸಕಸಿನ ವೃತ್ತಾಂತವನ್ನು ಬರೆದವನು. ಅವನು ಹೆರೊಡೋಟಸನಿಗೆ ಹಿಂದಿನವನಾದರೆ ಯಾಕೋಬಿಯ ಕಟ್ಟಡವು ಬಿರುಕುಬಿಡುತ್ತದೆ. ಅದಕ್ಕೆ ಸರಿಯಾಗಿ 1938ರಲ್ಲಿ ಕೇರಾನನನ್ನು ಕುರಿತೇ ಒಂದು ಲೇಖನವನ್ನು ಬರೆದು, ಅವನನ್ನು ಐದನೆಯ ಶತಮಾನದ ಕೊನೆಯ ಭಾಗಕ್ಕೆ ಯಾಕೋಬಿಯು ಇಳಿಸಿದನು. ಕೇರಾನನು ಏಕೆ ಈಚಿನವನು? ಊರಿನ ವೃತ್ತಾಂತಗಳು ಈಚಿನವಾದುದರಿಂದ. ಊರಿನ ವೃತ್ತಾಂತಗಳು ಏಕೆ ಈಚಿನವು? ಕೇರಾನನಂಥವರು ಈಚಿನವರಾದುದರಿಂದ. ಇದಕ್ಕೆ ನಮ್ಮ ಶಾಸ್ತ್ರಕಾರರು ಇಟ್ಟಿರುವ ಹೆಸರು ಅನ್ಯೋನ್ಯಾಶ್ರಯದೋಷ. ಯಾಕೋಬಿಯ ಇತರ ಯುಕ್ತಿಗಳನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಈ ಭಾಗದಲ್ಲಿ ಅವು ದೋಷಕ್ಕೆ ಹತ್ತಿರವಾಗಿ ಸುಳಿಯುತ್ತವೆ. ಈಚಿನ ವಿದ್ವಾಂಸರಲ್ಲಿ ರಾಬರ್ಟ್ ಫೌಲರ್ ಮೊದಲಾದವರು ಆ ಏಣಿಯನ್ನೇ ಬದಿಗಿಟ್ಟು, ಹೆರೊಡೋಟಸನನ್ನು ಅವನ ಸಮಕಾಲೀನರ ಗುಂಪಿನ ನಡುವೆ ನಿಲ್ಲಿಸಿ ನೋಡುವುದು ಮೇಲೆನ್ನುತ್ತಾರೆ. ಅದು ಹೆಚ್ಚು ವಿನಯವುಳ್ಳ ಮಾರ್ಗ.

ಇಷ್ಟು ಹೇಳಿದಮೇಲೆ ಯಾಕೋಬಿಗೆ ಸಲ್ಲಬೇಕಾದ ನಮಸ್ಕಾರವನ್ನು ಸಲ್ಲಿಸದಿರುವುದು ಕೃತಘ್ನತೆಯಾದೀತು. ನಷ್ಟವಾದ ಯವನೇತಿಹಾಸಗಳ ಖಂಡಗಳನ್ನು 1923ರಿಂದ ಸಂಪುಟ ಸಂಪುಟವಾಗಿ ಅವನು ಹೊರತಂದನು. ಅದರಲ್ಲಿ 800ಕ್ಕೂ ಹೆಚ್ಚು ಗ್ರಂಥಕರ್ತರು ಸೇರಿದ್ದಾರೆ. ಯೆಹೂದ್ಯ ಕುಲದವನೆಂಬ ಕಾರಣದಿಂದ ಸ್ವದೇಶದಲ್ಲಿ ನಿಲ್ಲಲಾರದೆ 1939ರಲ್ಲಿ ಆಕ್ಸ್‌ಫರ್ಡನ್ನು ಸೇರಿ, ಅಲ್ಲಿಯೂ ಆ ಕೆಲಸವನ್ನು ಬಿಡಲಿಲ್ಲ. ‘ಇರಬಹುದು’, ‘ತೋರುತ್ತದೆ’ ಎಂಬ ಪದಗಳನ್ನು ಅವನು ಧಾರಾಳವಾಗಿ ಬಳಸಿದವನು. ಅವನ ಊಹೆಗಳನ್ನು ಸಿದ್ಧಾಂತಗಳನ್ನಾಗಿ ಮಾಡಿದವರು ಅವನನ್ನು ಪೂರ್ತಿ ಓದದವರು.

ಪಾಶ್ಚಾತ್ಯರ ಅಂಕಿಗಳಿಗೆ ಕೈಮುಗಿಯುವವರದು ಒಂದು ತಪ್ಪಾದರೆ, ಇದಕ್ಕೆ ಇದಿರಾದ ಇನ್ನೊಂದು ಪಕ್ಷದವರ ತಪ್ಪು ಕಡಮೆಯಾದುದೇನಲ್ಲ. ಮೇಲಿನ ಸಂಗತಿಗಳನ್ನು ಕೇಳಿದೊಡನೆ ಅವರು, ‘ನೋಡಿದಿರಾ, ಯವನರ ಇತಿಹಾಸವೂ ಕಟ್ಟುಕಥೆಯೇ’ ಎಂದು ಚಪ್ಪಾಳೆ ತಟ್ಟುತ್ತಾರೆ. ಈ ಚಪ್ಪಾಳೆ ಹೊಸದಲ್ಲ. ಕ್ರಿ.ಶ. ಒಂದನೆಯ ಶತಮಾನದ ಕೊನೆಯಲ್ಲಿ ಯೆಹೂದ್ಯ ಜೋಸೀಫಸನು ಆಪಿಯಾನನ ವಿರುದ್ಧವಾಗಿ ಬರೆದ ಗ್ರಂಥದಲ್ಲಿ ಇದನ್ನೇ ಮಾಡಿದನು: ಯವನರ ಇತಿಹಾಸಕಾರರು ನಿನ್ನೆಮೊನ್ನೆಯವರು, ಕ್ಯಾಡ್ಮಸ್, ಅಕುಸಿಲಾವಸರು ಪಾರಸಿಕರ ದಂಡಯಾತ್ರೆಗೆ ಸ್ವಲ್ಪ ಮೊದಲಿನವರು, ಅಕುಸಿಲಾವಸನು ಹೆಸಿಯಡನನ್ನು ತಿದ್ದುತ್ತಾನೆ, ಹೆಲ್ಲಾನಿಕಸನು ಅಕುಸಿಲಾವಸನನ್ನು ಒಪ್ಪುವುದಿಲ್ಲ, ಎಫೊರಸನು ಹೆಲ್ಲಾನಿಕಸನನ್ನು ಸುಳ್ಳನೆನ್ನುತ್ತಾನೆ, ಹೆರೊಡೋಟಸನನ್ನು ಎಲ್ಲರೂ ಬಯ್ಯುತ್ತಾರೆ, ಇವರನ್ನು ನಂಬುವುದು ಹೇಗೆ? ಎಂಬುದು ಅವನ ವಾದದ ಸಾರ. ಅವನು ದೋಷವೆಂದುದು ದೋಷವೇ? ಹಿಂದಿನವನ ಮಾತನ್ನು ಈಚಿನವನು ಎತ್ತಿಕೊಂಡು ಖಂಡಿಸಿ ತನ್ನ ಮತವನ್ನು ಸ್ಥಾಪಿಸುವುದು ಭಾಷ್ಯವಾರ್ತಿಕಗಳ ಪರಂಪರೆಯಲ್ಲಿ ಬೆಳೆದವರಿಗೆ ಅಪರಾಧವಾಗಿ ಕಾಣಬಾರದು. ಖಂಡನೆಯು ನಡೆಯಿತೆಂಬುದೇ ಆ ವಿದ್ಯೆ ಜೀವಂತವಾಗಿತ್ತೆಂಬುದಕ್ಕೆ ಗುರುತು.

ಹೆಕಟೀಯಸನನ್ನೇ ನೋಡಬಹುದು. ಅವನ ಜನ್ಮಮರಣಗಳ ವರ್ಷಗಳು ತಿಳಿಯವು. 520ರ ಸುಮಾರಿಗೆ ಸೇರುವ 65ನೆಯ ಒಲಿಂಪಿಯಡ್ ಎಂಬುದು ಸೂದಾಕೋಶದ ಮಾತು. ಆದರೆ ಅವನ ನಡತೆ ತಿಳಿದಿದೆ. ಅಯೋನಿಯದವರು ಡರಾಯಸನ ಮೇಲೆ ದಂಗೆಯೇಳಬೇಕೆಂದು ಮೈಲೀಟಸಿನಲ್ಲಿ ಮಂತ್ರಾಲೋಚನೆ ನಡೆಸಿದಾಗ, ಪಾರಸಿಕ ದೊರೆಗೆ ಅಧೀನವಾದ ದೇಶಗಳನ್ನೆಲ್ಲ ಒಂದೊಂದಾಗಿ ಎಣಿಸಿ ಬೇಡವೆಂದವನು ಅವನೊಬ್ಬನೇ. ಕೇಳದಿದ್ದಾಗ, ಯುದ್ಧವೇ ಆಗಬೇಕಾದರೆ ಬ್ರಾಂಕಿಡಿಯ ದೇವಾಲಯದಲ್ಲಿ ಕ್ರೀಸಸನು ಅರ್ಪಿಸಿದ್ದ ನಿಧಿಯನ್ನು ತೆಗೆದು ಹಡಗುಗಳಿಗೆ ವೆಚ್ಚಮಾಡಿರೆಂದನು. ಅದನ್ನೂ ಕೇಳಲಿಲ್ಲ. 494ರಲ್ಲಿ ಮೈಲೀಟಸ್ ಹಾಳಾಯಿತು. ಈಜಿಪ್ಟಿನ ಥೀಬ್ಸಿನಲ್ಲಿ ತನ್ನ ಹದಿನಾರನೆಯ ಪೂರ್ವಿಕನು ದೇವತೆಯೆಂದು ಹೇಳಿಕೊಂಡಾಗ, ಅಲ್ಲಿನ ಅರ್ಚಕರು ತಂದೆಮಕ್ಕಳ ಕ್ರಮದಲ್ಲಿ ನಿಲ್ಲಿಸಿದ 345 ಮರದ ವಿಗ್ರಹಗಳನ್ನು ತೋರಿಸಿ, ಇವರಲ್ಲಿ ಒಬ್ಬನೂ ದೇವತೆಯಲ್ಲವೆಂದರು. ಈ ಕಥೆಯನ್ನು ಹೇಳುವ ಹೆರೊಡೋಟಸನ ದನಿಯಲ್ಲಿ ಸ್ವಲ್ಪ ಕೊಂಕುಂಟು. ಆದರೂ ಸಂಗತಿ ಹುರುಳಿಲ್ಲದ್ದೆಂದು ತಳ್ಳುವಂತಿಲ್ಲ. ಯವನರ ಕಥೆಗಳು ಬಹಳ, ಅವು ನಗೆಗೀಡಾದುವು, ತನಗೆ ನಿಜವೆಂದು ತೋರಿದುದನ್ನು ಬರೆಯುತ್ತೇನೆಂಬ ಅರ್ಥದಿಂದ ಗ್ರಂಥವನ್ನು ಆರಂಭಿಸಿದವನು ಹೆಕಟೀಯಸನು. ತನ್ನ ಹೆಸರನ್ನು ಮೊದಲ ಪದವಾಗಿ ಇಟ್ಟುಕೊಂಡವನು. ಆ ಹೆಸರಿನ ಹೊಣೆಯೇ ಇತಿಹಾಸಕಾರನ ಗುಣ. ಕಾಳಿದಾಸನ ಜನ್ಮವರ್ಷವು ಸಿಕ್ಕದಿದ್ದರೂ, 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಅವನ ಹೆಸರನ್ನು ಹೇಳಿರುವುದರಿಂದ ಅದಕ್ಕಿಂತ ಈಚೆಗೆ ಅವನನ್ನು ತರಲಾಗದು. ಯವನರ ವಿಷಯದಲ್ಲಿ ನಿಶ್ಚಯವಾಗಿ ಸಿಕ್ಕುವುದೂ ಇಂಥ ಎಲ್ಲೆಗಳೇ. ಇದಕ್ಕಿಂತ ಹೆಚ್ಚು ಬೇಕೆನ್ನುವವರು ಎರಡು ಕಡೆಯಲ್ಲಿಯೂ ಒಂದೇ ನ್ಯಾಯವನ್ನು ನಡೆಯಿಸಲಿ.

ಹೆಕಟೀಯಸನ ಗ್ರಂಥಕ್ಕೂ ತಪ್ಪದ ಸಂಶಯವೊಂದುಂಟು. ಭೂವರ್ಣನೆಯಲ್ಲಿ ಏಷ್ಯವನ್ನು ಕುರಿತ ಭಾಗವು ಅವನದಲ್ಲ, ಯಾವನೋ ದ್ವೀಪವಾಸಿಯದೆಂದು ಕವಿ ಕಲ್ಲಿಮಾಕಸನು ಹೇಳಿದನು. ಅವನದೇ ಎಂದು, ಶೈಲಿಯ ಸಾದೃಶ್ಯದಿಂದ, ಎರಟಾಸ್ಥನೀಸನು ತಿರುಗಿ ಹೇಳಿದನು. ಭಾರತೀಯರಿಗೆ ಈ ಜಗಳವು ದೂರದ್ದಲ್ಲ. ಗಾಂಧಾರದ ಕಸ್ಪಾಪಿರಸ್ ಎಂಬ ನಗರದ ಹೆಸರು ಹೆಕಟೀಯಸನ ಹೆಸರಿನಲ್ಲಿಯೇ ಉಳಿದುಬಂದಿದೆ. ಹೆರೊಡೋಟಸನು ಕಸ್ಪಾಟಿರಸ್ ಎಂದು ಬರೆಯುವ ಅದೇ ಊರಿನಿಂದ ಕ್ಯಾರಿಯಾಂಡದ ಸ್ಕೈಲಾಕ್ಸ್ ಎಂಬವನು ಡರಾಯಸನ ಅಪ್ಪಣೆಯಂತೆ ಹೊರಟು, ಸಿಂಧೂನದಿಯಲ್ಲಿ ಕೆಳಗಿಳಿದು, ಕಡಲನ್ನು ಸೇರಿ, 30ನೆಯ ತಿಂಗಳಿನಲ್ಲಿ ಈಜಿಪ್ಟಿನ ಕಡೆಯ ತೀರವನ್ನು ಮುಟ್ಟಿದನಂತೆ. ಭಾರತವನ್ನು ಕಂಡು ಬರೆದ ಮೊದಲ ಯವನಭಾಷಾಗ್ರಂಥವು ಇವನದಾಗಿದ್ದೀತು. ಭಾರತದಲ್ಲಿ ಅರಸರು ಪ್ರಜೆಗಳಿಗಿಂತ ಬಹಳ ಮೇಲಾದವರೆಂದು ಅವನು ಹೇಳಿದ್ದುದನ್ನು ಅರಿಸ್ಟಾಟಲನು ತನ್ನ ರಾಜನೀತಿಯಲ್ಲಿ ಒಂದು ಕಡೆ ನೆನೆದಿದ್ದಾನೆ. ಆ ಪುಸ್ತಕವು ಹೋಯಿತು. ಸ್ಕೈಲಾಕ್ಸನ ಹೆಸರನ್ನು ಹೊತ್ತು ಈಗ ಅಚ್ಚಿನಲ್ಲಿ ಸಿಕ್ಕುವುದು ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಬೇರೆ ಯಾವನೋ ಬರೆದ ಮೆಡಿಟರೇನಿಯನ್ ತೀರಗಳ ವರ್ಣನೆ; ಅದರಲ್ಲಿ ಸಿಂಧುವಿನ ಮಾತೇ ಇಲ್ಲ.